ಹೊಳಲ್ಕೆರೆ ಮಾವಿನ ತೋಟದ ಕೆಂಪು ಹಣ್ಣುನೊಣ ಯಾವುದು?

ಮೀಥೈಲ್ ಯೂಜಿನಾಲ್ (ಗಂಡು ಹಣ್ಣುನೊಣಗಳನ್ನು ಸೆಳೆಯುವ ವಾಸನೆಯ ರಾಸಾಯನಿಕ) ಬಲೆಗೆ ಬಿದ್ದಿದ್ದನ್ನೆಲ್ಲ ನೀವು ಡಾರ್ಸಾಲಿಸ್ ಅನ್ನೋ ಹಣ್ಣುನೊಣ ಜಾತಿ ಅಂತ ಬರೆದಿಟ್ಟಿದ್ದೀರಿ, ಅದರಲ್ಲಿ ಕೆಂಪಗಿರುವವು ಬಹುಶಃ ಜೊನೇಟಾ ಅನ್ನೋ ಬೇರೆ ಜಾತಿ. ಆ ವಾಸನೆಗೆ ಎರಡರ ಗಂಡುನೊಣಗಳೂ ಬರುತ್ತವೆ, ಕರೆಕ್ಟಾ ಅನ್ನೋ ಮೂರನೇ ಜಾತಿಯವು ಕೂಡ.

ಮೊದಲು ಲೆನ್ಸಿನಲ್ಲಿ ರೆಕ್ಕೆ ನೋಡಿ. ಮುಂದಿನ ಅಂಚಿನ ಕಪ್ಪು ಪಟ್ಟಿ ತುದಿವರೆಗೂ ಕಡಿಯದೆ ಹೋಗಿದ್ದರೆ ಡಾರ್ಸಾಲಿಸ್. ಪಟ್ಟಿ ತುಂಡಾಗಿ ತುದಿಯಲ್ಲಿ ಬರೀ ಚುಕ್ಕೆ ಇದ್ದರೆ ಮುಖ ನೋಡಿ. ಎರಡು ಬಿಡಿ ಕಪ್ಪು ಚುಕ್ಕೆ ಇದ್ದರೆ ಜೊನೇಟಾ, ಅಡ್ಡಗೆರೆಯಂತಿದ್ದರೆ ಕರೆಕ್ಟಾ.

ಬೆನ್ನಿನ ಬಣ್ಣವೊಂದನ್ನೇ ನಂಬಬೇಡಿ. ಡಾರ್ಸಾಲಿಸ್‌ನಲ್ಲೇ ಕಪ್ಪಿನಿಂದ ಕೆಂಗಂದುವರೆಗೂ ಇರುತ್ತವೆ. ಬೇರೆ ಜಾತಿ ಅಂತ ಇನ್ವೇಡೆನ್ಸ್ ಹೆಸರಿಟ್ಟಿದ್ದನ್ನು 2015ರಲ್ಲಿ ಮತ್ತೆ ಡಾರ್ಸಾಲಿಸ್‌ಗೇ ಸೇರಿಸಿದರಲ್ವಾ!

ರೆಕ್ಕೆ ಹರಿದಿದ್ದರೆ ಸುಮ್ನೆ ಊಹಿಸಿ ಹೆಸರು ಹಾಕಬೇಡಿ. ಅಂಥವನ್ನು 70% ಆಲ್ಕೋಹಾಲ್‌ನಲ್ಲಿ ಹಾಕಿ, ಊರು, ತಾರೀಖು ಬರೆದು ಹಿರಿಯೂರಿನ ತೋಟಗಾರಿಕೆ ಕಾಲೇಜಿನಲ್ಲಿ ತೋರಿಸಿ.