ಮ್ಯಾಗ್ನೆಟ್ ಅಂಟದಿದ್ದರೆ ಮಿಲಿಟರಿ ಹೆಲ್ಮೆಟ್ ನಕಲಿನಾ?

ಎರಡನೇ ಮಹಾಯುದ್ಧದ ಬ್ರಿಟಿಷ್ ಹೆಲ್ಮೆಟ್, ₹12,000 ಹೇಳ್ತಿದ್ದಾರೆ, ಸರ್ಟಿಫಿಕೇಟ್ ಕೂಡ ಕೊಡ್ತಾರಂತೆ, ಆದರೆ ಮ್ಯಾಗ್ನೆಟ್ ಅಂಟುತ್ತಿಲ್ಲ ಅಂತ ಬರೆದಿದ್ದೀರಿ. ಓದಿ ಹೊಟ್ಟೆಯಲ್ಲಿ ಕಿವುಚಿದಂತಾಯಿತು. 2012ರಲ್ಲಿ ನಾನೂ ಇದೇ ಮ್ಯಾಗ್ನೆಟ್ ನಂಬಿದ್ದೆ.

ಹುಬ್ಬಳ್ಳಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಹಳೇ ಮಿಲಿಟರಿ ಸಾಮಾನು ಕೂಡಿಡುವ ಹುಚ್ಚು ಆಗಷ್ಟೇ ಹಿಡಿದಿತ್ತು. ಪಂಪ್‌ಸೆಟ್ ರಿಪೇರಿಗೆ ಬಂದಿದ್ದ ಅಣ್ಣಿಗೇರಿ ಕಡೆಯ ಅಜ್ಜರೊಬ್ಬರು "ನಮ್ಮಪ್ಪಂದು ಮಿಲಿಟರಿ ಟೊಪ್ಪಿಗಿ ಐತಿ, ತರಲೇನು?" ಅಂದರು. ಮರುವಾರ ಗೋಣಿಚೀಲದಲ್ಲಿ ಸುತ್ತಿ ತಂದರು. ಬೋಗುಣಿ ಬೋರಲು ಹಾಕಿದಂಥ ಆಕಾರ, ಅಗಲ ಅಂಚು, ಮರಳು ಉದುರಿಸಿದಂಥ ಒರಟು ಬಣ್ಣ, ನೆತ್ತಿಯಲ್ಲಿ ಒಂದು ಸ್ಕ್ರೂ. ಅವರ ತಂದೆ ಮರಾಠಾ ಪಲ್ಟಣಿನಲ್ಲಿದ್ದು ಇಟಲಿವರೆಗೆ ಹೋಗಿ ಬಂದವರಂತೆ.

ನನ್ನ ಕೆಲಸವೇ ತಾಮ್ರ, ಕಬ್ಬಿಣ ಬೇರೆ ಮಾಡೋದು. ಜೇಬಿನಲ್ಲಿ ಸದಾ ಸ್ಪೀಕರ್ ಮ್ಯಾಗ್ನೆಟ್. ಇಟ್ಟೆ, ಜಾರಿ ಬಿತ್ತು. ಇನ್ನೊಂದು ಕಡೆ ಇಟ್ಟೆ, ಅಲ್ಲೂ ಜಾರಿತು. ದೊಡ್ಡ ಪಂಡಿತನ ಹಾಗೆ ಹೇಳಿಬಿಟ್ಟೆ: "ಅಜ್ಜಾರ, ಇದು ಕಬ್ಬಿಣನ ಅಲ್ರಿ. ಯಾವುದೋ ನಾಟಕ ಕಂಪನಿ ಸಾಮಾನು ಇದ್ದೀತು."

ಅವರು ಜಗಳ ಮಾಡಲಿಲ್ಲ. "ಹಂಗಾರ ನಮ್ಮಪ್ಪ ಸುಳ್ಳ ಹೇಳಿದ್ನೇನು?" ಅಂತ ಒಂದೇ ಮಾತು ಕೇಳಿ ಚೀಲ ಸುತ್ತಿಕೊಂಡು ಹೋದರು.

ನನ್ನ ತಪ್ಪು ಏನು ಅನ್ನೋದನ್ನ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರಾಗಬೇಡಿ. ಸುಮಾರು ಒಂದು ವರ್ಷದ ನಂತರ ರೈಲ್ವೆಯಲ್ಲಿ ಹಳಿ ಕೆಲಸ ಮಾಡಿ ನಿವೃತ್ತರಾದ ಗಿರಾಕಿಯೊಬ್ಬರಿಗೆ ಈ ಕತೆಯನ್ನು ಜೋಕಿನಂತೆ ಹೇಳಿದೆ. ಅವರು ನಗಲಿಲ್ಲ. "ನಮ್ಮ ಕ್ರಾಸಿಂಗಿಗೂ ಮ್ಯಾಗ್ನೆಟ್ ಹಿಡಿಯೂದಿಲ್ಲೋ ತಮ್ಮಾ, ಅದೇನು ನಾಟಕದ್ದೇನು?" ಅಂದರು. ಹಳಿಗಳು ಒಂದನ್ನೊಂದು ದಾಟುವ ಜಾಗದಲ್ಲಿ ಗಾಲಿ ಬಡಿದು ಬಡಿದು ಸಾದಾ ಉಕ್ಕು ಬೇಗ ಸವೆಯುತ್ತದೆ. ಅಲ್ಲಿಗೆ ಮ್ಯಾಂಗನೀಸ್ ಉಕ್ಕು ಹಾಕುತ್ತಾರೆ. 1882ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದದ್ದು. ಸುಮಾರು 12% ಮ್ಯಾಂಗನೀಸ್. ಅಷ್ಟು ಸೇರಿದರೆ ಕಬ್ಬಿಣದ ಒಳಜೋಡಣೆಯೇ ಬದಲಾಗಿ ಮ್ಯಾಗ್ನೆಟ್ ಹಿಡಿಯುವ ಗುಣ ಹೋಗುತ್ತದೆ. ಹೊಡೆದಷ್ಟೂ ಗಟ್ಟಿಯಾಗುತ್ತದೆ. ಬ್ರಿಟಿಷರು ತಮ್ಮ ಸೈನಿಕರ ಹೆಲ್ಮೆಟ್ಟಿಗೆ ಹಾಕಿದ್ದು ಇದೇ ಉಕ್ಕು, ಅಮೆರಿಕದ ಎಂ1 ಹೆಲ್ಮೆಟ್ಟಿಗೂ ಇದೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಹಾಕುತ್ತಿದ್ದ ಬ್ರೋಡಿ ಹೆಲ್ಮೆಟ್ಟಿಗೆ 1916ರಲ್ಲಿ ಸಾದಾ ಉಕ್ಕಿನ ಅಂಚುಪಟ್ಟಿ ಕೂಡಿಸಿದರು. ಅದರಲ್ಲಿ ಅಂಚಿಗೆ ಮಾತ್ರ ಅಂಟುತ್ತದೆ, ಬುರುಡೆಗೆ ಅಂಟೋದಿಲ್ಲ.

ಅಂದರೆ ನಾನು ನಕಲಿ ಅನ್ನೋದಕ್ಕೆ ಯಾವುದನ್ನು ಸಾಕ್ಷಿ ಮಾಡಿಕೊಂಡೆನೋ ಅದೇ ಅಸಲಿಯ ಗುರುತಾಗಿತ್ತು. ಕೈಗೆ ಸಿಕ್ಕ ಭಾರವನ್ನೂ ಗಮನಿಸಲಿಲ್ಲ. ಒಂದು ಕಿಲೋ ಹತ್ತಿರ ಇತ್ತು. ತಗಡಿನ ನಾಟಕದ ಟೋಪಿ ಅಷ್ಟು ತೂಗುತ್ತಾ?

ಓಡಿದೆ ಅಣ್ಣಿಗೇರಿಗೆ. ಅಜ್ಜ ತೀರಿಕೊಂಡಿದ್ದರು. ಮಗ ಅದನ್ನು ಗುಜರಿಗೆ ಹಾಕಿದ್ದ. ಗುಜರಿಯವನೂ ಮ್ಯಾಗ್ನೆಟ್ ಇಟ್ಟು ನೋಡಿ, ಅಂಟಲಿಲ್ಲ ಅಂತ ಸ್ಟೇನ್‌ಲೆಸ್ ಸ್ಟೀಲ್ ರೇಟು ಕೊಟ್ಟನಂತೆ! ನನಗಿಂತ ಅವನೇ ವಾಸಿ.

ನಡುವೆ ಮುಂಬೈಯಲ್ಲಿ ಒಬ್ಬರ ಹತ್ತಿರ ₹6,000 ಕೊಟ್ಟು, ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿದದ್ದನ್ನೇ ನೋಡಿ ಒಂದು ತಂದಿದ್ದೆ. ಅಂಚಿನಲ್ಲಿ ಮೂರು ಸಣ್ಣ ತೂತು ಇದ್ದವು. ಯಾರೋ ಮೊಳೆ ಹೊಡೆದಿರಬೇಕು ಅಂದುಕೊಂಡೆ. ಗುಂಡಿನ ಏಟಿಗೆ ತಡೆಯದ ಸಾದಾ ಉಕ್ಕಿನದು ಅಂತ ಕಾರ್ಖಾನೆಯಲ್ಲೇ ಕೊರೆದ ತೂತು ಅವು. ವಿಮಾನದಾಳಿ ಕಾವಲಿನ ನಾಗರಿಕರಿಗೆ ಕೊಟ್ಟ ಹೆಲ್ಮೆಟ್. ಹಳೆಯದೇನೋ ಹೌದು, ಆದರೆ ನನಗೆ ಮಾರಿದ್ದು ರಣರಂಗದ್ದು ಅಂತ.

ಹಾಗಂತ ಅಂಟಲಿಲ್ಲ ಅಂದ ಮಾತ್ರಕ್ಕೆ ದುಡ್ಡು ಕೊಟ್ಟುಬಿಡಬೇಡಿ. ಅಲ್ಯೂಮಿನಿಯಮ್ಮಿಗೂ ಅಂಟೋದಿಲ್ಲ. ಜರ್ಮನ್ ಹೆಲ್ಮೆಟ್ಟಾದರೆ ಲೆಕ್ಕ ಉಲ್ಟಾ, ಅದಕ್ಕೆ ಅಂಟಲೇಬೇಕು. ತೂಕ ಹಾಕಿ. ಅಂಚಿನ ಒಳಮೈಯಲ್ಲಿ ಗಲ್ಲಪಟ್ಟಿ ಕೂರಿಸಿದ ಜಾಗದ ಹತ್ತಿರ ತಯಾರಕರ ಅಕ್ಷರ, ಇಸವಿ ಇರುತ್ತೆ, ಬಣ್ಣದಡಿ ಮುಚ್ಚಿದ್ದರೆ ಟಾರ್ಚ್ ಅಡ್ಡ ಹಿಡಿದು ನೋಡಿ. ಜೆಎಸ್ಎಸ್ ಅಂತ ಕಂಡರೆ ಧಾರವಾಡದ ಕಾಲೇಜು ನೆನಪಾದೀತು, ಅದು ಜೋಸೆಫ್ ಸ್ಯಾಂಕಿ ಆ್ಯಂಡ್ ಸನ್ಸ್. ಒಳಗೆ ತಲೆಗೆ ತಾಗುವ ಲೈನರ್‌ಗೆ ಬೇರೆ ಮುದ್ರೆ ಇರುತ್ತದೆ, ಎರಡರ ಇಸವಿ ಒಂದೆರಡು ವರ್ಷ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಸರ್ಟಿಫಿಕೇಟ್ ಬಿಡಿ. ಮಾರುವವನೇ ಬರೆದು ಕೊಡುವ ಕಾಗದಕ್ಕೆ ಜೆರಾಕ್ಸ್ ಖರ್ಚಿಗಿಂತ ಜಾಸ್ತಿ ಬೆಲೆ ಇಲ್ಲ. ಪಾಲಿಶ್ ಕಾಗದ ಮಾತ್ರ ಮುಟ್ಟಿಸಲೇಬೇಡಿ.

ಇನ್ನೊಂದು ವಿಷಯ. ನೀವು ನೋಡಿದ ಅಂಗಡಿ ಗದಗ ರಸ್ತೆಯಲ್ಲಿದೆ ಅಂದಿರಿ. ಆ ಅಜ್ಜರ ಹೆಲ್ಮೆಟ್ಟಿಗೆ ಇದ್ದ ಹಾಗೆ ಮುಂದಿನ ಅಂಚಿನ ಬಲಕ್ಕೆ ಹೆಬ್ಬೆರಳು ಕೂರುವಷ್ಟು ತಗ್ಗು ಇದೆಯಾ ನೋಡಿ. ಇದ್ದರೆ ದಯವಿಟ್ಟು ಯಾರಿಗೂ ಹೋಗದಂತೆ ಮುಂಗಡ ಕೊಟ್ಟು ನನಗೆ ತಿಳಿಸಿ. ಹೇಳಿದ ರೇಟಿಗೇ ತಗೊಂಡು ಅಣ್ಣಿಗೇರಿಗೆ ಒಯ್ಯುತ್ತೇನೆ.