ಕೀಲಿ ಹಾಕುವ ಮೊದಲು ಕೀಲಿಕೈಗೆ ಜಾಗ ನೋಡಿ

ಪ್ರಶ್ನೆ: ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಇವೆ. ಸಿ ಡ್ರೈವ್ ಎಸ್‌ಎಸ್‌ಡಿ, ಡಿ ಡ್ರೈವ್ 1 ಟಿಬಿಯ ಹಳೆ ಹಾರ್ಡ್ ಡಿಸ್ಕ್. ಭತ್ತ ಕೊಟ್ಟ ರೈತರ ಆಧಾರ್, ಪಾಸ್‌ಬುಕ್ ಪ್ರತಿಗಳೆಲ್ಲ ಡಿ ಡ್ರೈವಿನಲ್ಲಿವೆ. ವಿಂಡೋಸ್ 11 ಪ್ರೊ ಇದೆ. ಲಾಗಿನ್ ಪಾಸ್‌ವರ್ಡ್ ಒಂದೇ ಸಾಲದಾ? ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ಬದಲಿಸಿ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದರೆ ದಿನಾ ಎರಡೆರಡು ಪಾಸ್‌ವರ್ಡ್ ಹೊಡೆಯಬೇಕಾ? ನಡುವೆ ಕರೆಂಟ್ ಹೋದರೆ?

ಉತ್ತರ: ಸಾಲದು ಸರ್. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಲಾಗಿನ್ ಪಾಸ್‌ವರ್ಡ್ ಕೇಳುವವರೇ ಇರುವುದಿಲ್ಲ, ಎಲ್ಲ ಫೈಲೂ ತೆರೆದುಕೊಳ್ಳುತ್ತವೆ. ರಿಪೇರಿಗೆ ಕೊಟ್ಟಾಗಲೂ ಅಷ್ಟೇ, ಹಳೆಯದೆಂದು ಮಾರಿದಾಗಲೂ ಅಷ್ಟೇ. ರೈತರು ನಿಮ್ಮನ್ನು ನಂಬಿ ಕೊಟ್ಟ ಕಾಗದ ಅವು, ಹಾಗಾಗಿ ಈ ಕೆಲಸವನ್ನು ಮುಂದೂಡಬೇಡಿ.

ಮೊದಲು ಡಿ ಡ್ರೈವಿನದ್ದನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಹಳೆ ಹಾರ್ಡ್ ಡಿಸ್ಕ್ ಯಾವಾಗ ಕೈ ಕೊಡುತ್ತದೋ ಹೇಳಲಾಗದು. ಆಮೇಲೆ ಸರ್ಚ್‌ನಲ್ಲಿ ಮ್ಯಾನೇಜ್ ಬಿಟ್‌ಲಾಕರ್ ಎಂದು ಹುಡುಕಿ, ಸಿ ಡ್ರೈವಿಗೆ ಆನ್ ಮಾಡಿ. ಅದು ಮುಗಿದ ಮೇಲೆ ಡಿ ಡ್ರೈವಿಗೆ ಒಂದು ಪಾಸ್‌ವರ್ಡ್ ಕೊಟ್ಟು ಆನ್ ಮಾಡಿ, ಆಟೋ ಅನ್‌ಲಾಕ್ ಆರಿಸಿ. ಸಿ ಡ್ರೈವಿಗೆ ಮೊದಲೇ ಬಿಟ್‌ಲಾಕರ್ ಇದ್ದರೆ ಮಾತ್ರ ಈ ಸೌಲಭ್ಯ ಸಿಗುತ್ತದೆ, ಅದಕ್ಕೇ ಈ ಕ್ರಮ. ಆಮೇಲೆ ಎಂದಿನಂತೆ ಲಾಗಿನ್ ಆದರೆ ಸಾಕು, ಡಿ ತಾನಾಗಿ ತೆರೆಯುತ್ತದೆ. ಬಳಸಿದ ಜಾಗ ಮಾತ್ರವೋ ಇಡೀ ಡ್ರೈವೋ ಎಂದು ಕೇಳಿದಾಗ ಇಡೀ ಡ್ರೈವ್ ಅನ್ನಿ, ಯಾಕೆಂದರೆ ಅಳಿಸಿದ ಹಳೆ ಫೈಲುಗಳ ಅವಶೇಷ ಖಾಲಿ ಜಾಗದಲ್ಲಿ ಉಳಿದಿರುತ್ತದೆ. ಇದಕ್ಕೆ ಇಡೀ ರಾತ್ರಿ ಹಿಡಿದರೂ ಹಿಡಿಯಬಹುದು. ಕರೆಂಟ್ ಹೋದರೆ ಗಾಬರಿ ಬೇಡ, ಮತ್ತೆ ಆನ್ ಮಾಡಿದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಆದರೂ ಯುಪಿಎಸ್ ಇದ್ದರೆ ಒಳ್ಳೆಯದು.

ಜನ ಎಡವುವುದು ರಿಕವರಿ ಕೀ, ಅಂದರೆ ಡ್ರೈವ್ ಎಂದಿನಂತೆ ತೆರೆಯದಿದ್ದಾಗ ಬಳಸುವ ತುರ್ತು ಕೀಲಿಯ ವಿಷಯದಲ್ಲಿ. 48 ಅಂಕಿಗಳ ಈ ಕೀ ಪ್ರತಿ ಡ್ರೈವಿಗೂ ಬೇರೆ. ಮದರ್‌ಬೋರ್ಡ್ ಬದಲಿಸಿದರೆ, ಕೆಲವೊಮ್ಮೆ ಬಯೋಸ್ (ಕಂಪ್ಯೂಟರನ್ನು ಶುರು ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಆದ ಮೇಲೂ, ಕಂಪ್ಯೂಟರ್ ಅದನ್ನು ಕೇಳುತ್ತದೆ. ಆಗ ಕೀ ಇಲ್ಲದಿದ್ದರೆ ಯಾವ ಅಂಗಡಿಯವರೂ ಏನೂ ಮಾಡಲಾಗದು, ಮೈಕ್ರೋಸಾಫ್ಟ್‌ನವರೂ ಹೊಸ ಕೀ ಮಾಡಿಕೊಡುವುದಿಲ್ಲ. ಸಿ ಡ್ರೈವಿನ ಕೀಯನ್ನು ಡಿ ಡ್ರೈವಿನ ಫೋಲ್ಡರಿನಲ್ಲಿಟ್ಟು, ಆಮೇಲೆ ಡಿ ಡ್ರೈವಿಗೂ ಬೀಗ ಹಾಕಿಬಿಟ್ಟರೆ, ತಿಜೋರಿಯೊಳಗೇ ಕೀಲಿಕೈ ಇಟ್ಟು ಬಾಗಿಲು ಹಾಕಿದ ಹಾಗೆ. ಎರಡೂ ಕೀಗಳನ್ನು ಪ್ರಿಂಟ್ ತೆಗೆದು ಮಾಲೀಕರ ತಿಜೋರಿಯಲ್ಲಿ ಒಂದು ಪ್ರತಿ, ಮನೆಯಲ್ಲಿ ಒಂದು ಪ್ರತಿ ಇಡಿ. ಕಂಪ್ಯೂಟರಿಗೇ ಅಂಟಿಸಬೇಡಿ.

ಇನ್ನೊಂದು ಮಾತು. ಕಂಪ್ಯೂಟರ್ ತೆರೆದಿದ್ದಾಗ ಡಿಸ್ಕೂ ತೆರೆದಿರುತ್ತದೆ. ವೈರಸ್ ಬಂದರೆ ಬಿಟ್‌ಲಾಕರ್ ತಡೆಯುವುದಿಲ್ಲ. ಊಟಕ್ಕೆ ಏಳುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಲಾಕ್ ಮಾಡಿ ಹೋಗಿ.

ಪ್ರಶ್ನೆ: ರಾಯಚೂರಿನ ಕಾಲೇಜು ವಿದ್ಯಾರ್ಥಿನಿ ನಾನು. ನನ್ನದು ವಿಂಡೋಸ್ ಹೋಮ್, ಬಿಟ್‌ಲಾಕರ್ ಆನ್ ಮಾಡುವ ಆಯ್ಕೆಯೇ ಕಾಣುವುದಿಲ್ಲ. ಏನು ಮಾಡಲಿ?

ಉತ್ತರ: ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಎಂದು ಇದೆಯಾ ನೋಡಮ್ಮ. ಅದು ಬಿಟ್‌ಲಾಕರ್‌ನದೇ ಸರಳ ರೂಪ. ಇದ್ದರೆ ಅದನ್ನೇ ಬಳಸು, ಅದರ ರಿಕವರಿ ಕೀ ನಿನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿ ಸೇರುತ್ತದೆ. ಇಲ್ಲದಿದ್ದರೆ ಡಿಸ್ಕಿಗೆ ಇದೇ ರೀತಿ ಬೀಗ ಹಾಕುವ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶ ಇದೆ. ಅದರಲ್ಲಿ ಬಿಟ್‌ಲಾಕರ್‌ನಂಥ ರಿಕವರಿ ಕೀ ಇಲ್ಲ, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದಿಟ್ಟ ಮೇಲೆಯೇ ಶುರು ಮಾಡು.