‘ನೋಡಿಕೊಂಡೆವು’ ಅಂದರೆ ಯಾರು?

ಶಿವಮೊಗ್ಗದ ಹಿರಿಯ ಓದುಗರೊಬ್ಬರ ಪತ್ರ: “ನನ್ನ ತಮ್ಮನ ಮಗಳು ಐರ್ಲೆಂಡಿನ ವೃದ್ಧಾಶ್ರಮವೊಂದರಲ್ಲಿ ನರ್ಸ್. ಅಲ್ಲಿಯ ಮಕ್ಕಳು ಹೆತ್ತವರನ್ನು ತಂದು ಬಿಟ್ಟು ಹೋಗುತ್ತಾರಂತೆ. ಕುಟುಂಬ ಅಂದರೇನು ಅಂತ ಅವರಿಗೆ ಗೊತ್ತಿಲ್ಲ. ನಾವು ನಮ್ಮ ಅಮ್ಮನನ್ನು 11 ವರ್ಷ ಮನೆಯಲ್ಲೇ ನೋಡಿಕೊಂಡೆವು. ಈ ವ್ಯತ್ಯಾಸವನ್ನು ನಿಮ್ಮ ಪತ್ರಿಕೆ ಬರೆಯಬೇಕು.”

ಹಿರಿಯರೇ, 11 ವರ್ಷ ಸಣ್ಣ ಮಾತಲ್ಲ. ನಿಮ್ಮ ಮನೆಗೆ ಕೈಮುಗಿದೇ ಮುಂದಿನ ಮಾತು ಹೇಳುತ್ತೇನೆ. ನಿಮ್ಮ ಬೇಸರಕ್ಕೆ ಕಾರಣ ಇಲ್ಲದಿಲ್ಲ. 2005ರಲ್ಲಿ ಅಲ್ಲಿನ ಆರ್‌ಟಿಇ ಟಿವಿ ಲೀಸ್ ಕ್ರಾಸ್ ಎಂಬ ವೃದ್ಧಾಶ್ರಮದ ದುಃಸ್ಥಿತಿಯನ್ನು ತೋರಿಸಿದಾಗ ದೇಶವೇ ತಲೆ ತಗ್ಗಿಸಿತು. 2020ರ ಕೊರೊನಾ ಮೊದಲ ಅಲೆಯಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇಂಥ ಮನೆಗಳಲ್ಲೇ ಇದ್ದವರು.

ಆದರೆ ನಿಮ್ಮ ತಮ್ಮನ ಮಗಳು ಕೆಲಸ ಮಾಡುವುದು ವೃದ್ಧಾಶ್ರಮದಲ್ಲಿ. ಅವಳಿಗೆ ಕಾಣುವುದು ಅಲ್ಲಿಗೆ ಬಂದವರು ಮಾತ್ರ, ಅಲ್ವಾ? ಬಾರದೆ ಮನೆಯಲ್ಲೇ ಉಳಿದವರು ಅವಳಿಗೆ ಹೇಗೆ ಕಾಣಬೇಕು? ಐರ್ಲೆಂಡಿನ ಮುದುಕರಲ್ಲಿ ಬಹಳ ಹೆಚ್ಚು ಮಂದಿ ಇರುವುದು ಮನೆಯಲ್ಲೇ.

ಅದು ನಿನ್ನೆ ಮೊನ್ನೆಯ ರೂಢಿಯೂ ಅಲ್ಲ. 1930ರ ದಶಕದಲ್ಲಿ ಹಾರ್ವರ್ಡಿನಿಂದ ಬಂದ ಇಬ್ಬರು ಮಾನವಶಾಸ್ತ್ರಜ್ಞರು ಕ್ಲೇರ್ ಕೌಂಟಿಯ ರೈತರ ನಡುವೆ ಇದ್ದು ಕಂಡದ್ದನ್ನು ಬರೆದಿಟ್ಟಿದ್ದಾರೆ. ಮಗನಿಗೆ ಮದುವೆಯಾಗಿ ಜಮೀನು ಅವನ ಹೆಸರಿಗೆ ಬಂದಾಗ ಅಪ್ಪ ಅಮ್ಮ ಪಡುವಣ ಕೋಣೆಗೆ ಹೋಗುತ್ತಿದ್ದರು. ಮೂಲೆಯ ಕತ್ತಲೆ ಕೋಣೆ ಅಂದುಕೊಳ್ಳಬೇಡಿ. ದೇವರ ಪಟ, ಮನೆಯವರ ಫೋಟೊ, ಒಳ್ಳೊಳ್ಳೆಯ ಸಾಮಾನು ಇರುತ್ತಿದ್ದದ್ದು ಅಲ್ಲೇ. ಒಲೆಯ ಹತ್ತಿರ ಜಾಗ, ಹಾಲು, ಆಲೂಗಡ್ಡೆ, ಉರುವಲು, ಭಾನುವಾರ ಚರ್ಚಿಗೆ ಹೋಗುವ ಏರ್ಪಾಡು: ಇವೆಲ್ಲ ಕರಾರಿನ ಪತ್ರದಲ್ಲಿ ಸೇರುತ್ತಿದ್ದವು. ಮಗನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಯಾರು ಏನು ಕೊಡಬೇಕು ಅಂತ ಬಾಯಿಬಿಟ್ಟು ಹೇಳುವುದು ಅವರಿಗೆ ನಾಚಿಕೆಯ ವಿಷಯ ಆಗಿರಲಿಲ್ಲ.

ನನಗೆ ಇಷ್ಟವಾಗುವುದು ಇದೇ. ಅದಕ್ಕಿಂತ ಇಷ್ಟವಾಗುವುದು 2002ರಿಂದ ಅವರ ಜನಗಣತಿಯಲ್ಲಿ ಕೇಳುವ ಒಂದು ಪ್ರಶ್ನೆ: ಕಾಯಿಲೆಯವರನ್ನೋ ಕೈಲಾಗದವರನ್ನೋ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದೀರಾ, ವಾರಕ್ಕೆ ಎಷ್ಟು ಗಂಟೆ? 2022ರಲ್ಲಿ ಹೌದು ಅಂದವರು ಸುಮಾರು 3 ಲಕ್ಷ ಜನ. ನೂರಕ್ಕೆ 6 ಮಂದಿ. ಅವರಲ್ಲಿ ಹೆಂಗಸರೇ ಹೆಚ್ಚು.

ನನ್ನ ಅತ್ತಿಗೆ ನಮ್ಮ ತಂದೆಯನ್ನು ಒಂಬತ್ತು ವರ್ಷ ನೋಡಿಕೊಂಡರು. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು. ರಾತ್ರಿ ಎರಡು ಸಲ ಎಬ್ಬಿಸಿ ಮಗ್ಗುಲು ಬದಲಿಸಬೇಕು. ಜನಗಣತಿಯವರು ಬಂದಾಗ ಅತ್ತಿಗೆ ಅಪ್ಪನ ಬಟ್ಟೆ ಹಿಂಡುತ್ತಿದ್ದರು. “ಇವರು ಕೆಲಸ ಮಾಡ್ತಾರಾ?” ಅಂತ ಕೇಳಿದರು. “ಇಲ್ಲ, ಮನೇಲೇ ಇರ್ತಾಳೆ” ಅಂದ ನಮ್ಮಣ್ಣ. ನಾನೂ ಪಕ್ಕದಲ್ಲೇ ಕೂತಿದ್ದೆ. ತಿದ್ದಲಿಲ್ಲ. ಅತ್ತಿಗೆಯ ಮುಖ ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ಐರ್ಲೆಂಡ್ ಎಲ್ಲವನ್ನೂ ಸರಿ ಮಾಡಿಕೊಂಡಿದೆ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಆರೈಕೆ ಮಾಡುವವರಿಗೆ ಅಲ್ಲಿ 1990ರಿಂದ ವಾರದ ಭತ್ಯೆ ಇದೆ. ಆದರೆ ಗಂಡನ ಆದಾಯವನ್ನೂ ಲೆಕ್ಕ ಹಾಕಿ ಹೆಂಡತಿಯ ಭತ್ಯೆ ಇಳಿಸುತ್ತಾರೆ. 1937ರ ಸಂವಿಧಾನ ಮನೆಯೊಳಗಿನ ಹೆಂಗಸಿನ ಬದುಕನ್ನು ಹೊಗಳಿ ಬಿಟ್ಟಿತು. ಆ ಸಾಲು ತೆಗೆದು, ಮನೆಯವರು ಪರಸ್ಪರ ಮಾಡುವ ಆರೈಕೆಗೆ ಬೆಂಬಲ ಕೊಡಲು ಸರ್ಕಾರ ‘ಪ್ರಯತ್ನಿಸುತ್ತದೆ’ ಅಂತ ಸೇರಿಸೋಣ ಅಂತ 2024ರ ಮಾರ್ಚ್ 8ರಂದು ಜನರ ಮತ ಕೇಳಿದರು. ನೂರಕ್ಕೆ ಸುಮಾರು 74 ಮಂದಿ ಬೇಡ ಅಂದರು. ಕಾರಣ ಹಲವು. ಆದರೆ ಅಂಗವಿಕಲರ, ಆರೈಕೆ ಮಾಡುವವರ ಪರ ಮಾತಾಡಿದ ಅನೇಕರ ಸಿಟ್ಟು ಆ ‘ಪ್ರಯತ್ನ’ದ ಮೇಲೇ. ರಾತ್ರಿ ನಿದ್ದೆಗೆಟ್ಟವರಿಗೆ ಬೇಕಾದದ್ದು ಹಕ್ಕು. ಸುಮ್ನೆ ಪ್ರಯತ್ನ ಮಾಡುತ್ತೇವೆ ಅಂದರೆ ಯಾರು ಒಪ್ಪುತ್ತಾರೆ?

ನಮ್ಮಲ್ಲಿ ಆ ಸಿಟ್ಟೂ ಇಲ್ಲ. ‘ನಮ್ಮ ಸಂಸ್ಕೃತಿ’ ಅಂತ ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ಅದೇ ಹೊತ್ತಿಗೆ ಯಾವುದೋ ಮನೆಯಲ್ಲಿ ಒಬ್ಬ ಸೊಸೆ ಗಂಜಿ ಆರಿಸುತ್ತಾ ಕೂತಿರುತ್ತಾಳೆ. ಅವಳಿಗೆ ಬೆನ್ನುನೋವು. ಡಾಕ್ಟರ ಹತ್ತಿರ ಹೋಗಲು ಅರ್ಧ ದಿನ ಬಿಡುವು ಸಿಗುವುದಿಲ್ಲ. ತವರಿಗೆ ಹೋಗಿ ವರ್ಷಗಳಾಗಿರುತ್ತವೆ. ಹೆತ್ತವರನ್ನು ನೋಡಿಕೊಳ್ಳದ ಮಕ್ಕಳ ವಿರುದ್ಧ ನಮ್ಮಲ್ಲಿ 2007ರ ಕಾನೂನು ಇದೆ. ಇರಬೇಕಾದದ್ದೇ. ಆದರೆ ನೋಡಿಕೊಳ್ಳುವವಳ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ಹಿರಿಯರೇ, ನಿಮ್ಮ ಪತ್ರ ಮತ್ತೆ ಮತ್ತೆ ಓದಿದೆ. “ನೋಡಿಕೊಂಡೆವು” ಅಂತ ಬರೆದಿದ್ದೀರಿ. ಆ ‘ನಾವು’ ಒಳಗೆ ಯಾರ್ಯಾರಿದ್ದರು? ಅಮ್ಮನ ಹಾಸಿಗೆ ಬದಲಿಸಿದವರು ಯಾರು? 11 ವರ್ಷದಲ್ಲಿ ಅವರಿಗೆ ಎಷ್ಟು ದಿನ ಬಿಡುವು ಸಿಕ್ಕಿತು? ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಅವರು ಹೇಳಿದ್ದನ್ನು ಅವರ ಹೆಸರಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಈ ಪುಟ ಅವರಿಗೆ.